ಕಿವಿಬೆಟ್ಟಕ್ಕೆ ದಾರಿ ಯಾವುದು?

ಬಹಳ ಹಿಂದೆ, ನಕ್ಷೆ ಬರೆಯುವವರು ಇನ್ನೂ ಹುಟ್ಟಿರದ ಕಾಲದಲ್ಲಿ, ಮೂಡಬಾಗಿಲಪಟ್ಟಣ ಅಂತ ಒಂದು ರಾಜಧಾನಿ ಇತ್ತು. ರಾಜನೂ ಇದ್ದ. ಆದರೆ ಅವನು ಅರಮನೆ ಬಿಟ್ಟು ಹೊರಗೆ ಬಂದವನಲ್ಲ, ಈ ಕತೆಗೂ ಬರುವುದಿಲ್ಲ.

ಪಟ್ಟಣದ ಹೊರಗೆ ನೋಡುವಂಥ ಜಾಗ ಮೂರು. ಮೊದಲು ಸಿಗುವುದು ತೂಗುಗಲ್ಲು. ಆನೆಯಷ್ಟು ದೊಡ್ಡದು, ನೆಲಕ್ಕೆ ತಾಗಿದ್ದು ಅಂಗೈಯಷ್ಟು. ಅದರಾಚೆ ಎರಡು ಜಡೆ ಇಳಿಬಿಟ್ಟಂತೆ ಧುಮುಕುವ ಜೋಡಿಜಡೆ ಅಬ್ಬಿ. ಅದಕ್ಕೂ ಆಚೆ, ಕಿವಿ ನಿಮಿರಿಸಿ ಕೂತ ಮೊಲದ ಹಾಗಿದ್ದ ಕಿವಿಬೆಟ್ಟ. ಬೆಟ್ಟದ ಬುಡದಲ್ಲಿ ಒಂದು ಚಿಲುಮೆ. ಮದುವೆಗೆ ಗಂಗೆ ತರುವುದು ಆ ಚಿಲುಮೆಯಿಂದಲೇ, ಅದೂ ಮದುಮಗಳೇ ಹೋಗಿ ತರಬೇಕು.

ಆ ಊರಿನವರಿಗೆ ಇನ್ನೊಂದು ಪದ್ಧತಿ ಇತ್ತು. ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಅನ್ನಬಾರದು. ಬಾಯಾರಿ ಬಂದವರಿಗೆ ನೀರಿಲ್ಲ ಅಂದಷ್ಟೇ ಪಾಪ. ಗೊತ್ತಿದ್ದರೆ ಕೈ ತೋರಿಸುತ್ತಿದ್ದರು. ಗೊತ್ತಿಲ್ಲದಿದ್ದರೆ ಇನ್ನೂ ಉದ್ದಕ್ಕೆ ತೋರಿಸುತ್ತಿದ್ದರು.

ಅದೇ ಊರಲ್ಲಿ ಹುಟ್ಟಿ ಬೆಳೆದ ಸುಳಿಗೊಗ್ಗ ಎಂಬ ಮಾಂತ್ರಿಕ ಇದನ್ನು ಚೆನ್ನಾಗಿ ಬಲ್ಲ. ಅವನಿಗೆ ಕಿವಿಬೆಟ್ಟದ ನೆತ್ತಿಯ ಮೇಲೊಂದು ಕೋಟೆ ಬೇಕಿತ್ತು. ಕೋಟೆಗೆ ಬಂಡೆ ಬೇಕು. ಬಂಡೆ ಹೊರಲು ಮೈಗಳ್ಳತನ. ಅದಕ್ಕೆ ಅವನು ನೆಲಕ್ಕೇ ಮಂತ್ರ ಹಾಕಿದ. ಯಾರೇ ಆಗಲಿ, ಗೊತ್ತಿಲ್ಲದ ದಾರಿಯನ್ನು ತೋರಿಸಿದರೆ ಕಲ್ಲು, ಅಬ್ಬಿ, ಬೆಟ್ಟ ಎದ್ದು ಜಾಗ ಬದಲಿಸಬೇಕು. ಊರ ಹೊರಗೆ ದಾರಿ ತಪ್ಪಿದವರು ಸುಸ್ತಾಗಿ ಎಲ್ಲಿ ಕೂತರೆ ಅಲ್ಲೇ ಬಂಡೆಯಾಗಿ, ತಾವೇ ಉರುಳಿಕೊಂಡು ಬೆಟ್ಟ ಹತ್ತಬೇಕು. ಬರುವ ಅಮಾವಾಸ್ಯೆಯ ಸಂಜೆ ಗೋಡೆ ಎಬ್ಬಿಸಿ ಗಾರೆ ಮೆತ್ತುವುದು ಅವನ ಲೆಕ್ಕಾಚಾರ. ಗಾರೆ ಮೆತ್ತಿದ ಮೇಲೆ ಆ ಬಂಡೆಗಳು ಮತ್ತೆ ಮನುಷ್ಯರಾಗುವ ಮಾತೇ ಇಲ್ಲ.

ಬಳೆಗಾರರ ಮನೆಯಲ್ಲಿ ಅಕ್ಕ ತಂಗಿ ಇಬ್ಬರು. ಅಕ್ಕ ಬಂಗಾರಕ್ಕ, ತಂಗಿ ಸಿಂಗಾರಿ. ಅಕ್ಕನ ಮದುವೆಯ ಬೆಳಿಗ್ಗೆ ಅವಳು ಸೊಂಟಕ್ಕೆ ತಾಮ್ರದ ಬಿಂದಿಗೆ ಇಟ್ಟುಕೊಂಡು, “ಚಿಲುಮೆಗೆ ಯಾವ ಕಡೆಯೇ?” ಅಂದಳು. ಸಿಂಗಾರಿ ಹೂ ಕಟ್ಟುತ್ತಿದ್ದಳು. ತಲೆ ಎತ್ತದೆ ಗದ್ದವನ್ನಷ್ಟೇ ಎತ್ತಿ, “ಹೀಗೆ ಹೋಗು, ಎಡಕ್ಕೆ ತಿರುಗು, ಅಲ್ಲೇ,” ಅಂದಳು. ಚಿಲುಮೆಯನ್ನು ಅವಳು ಕಂಡವಳೇ ಅಲ್ಲ.

ಬಂಗಾರಕ್ಕ ಹೋದವಳು ಬರಲಿಲ್ಲ. ನೆಂಟರು ಉಂಡು, ಗಂಡು ಹಿಡಿಸಲಿಲ್ಲವೇನೋ ಅಂತ ಗುಸುಗುಸು ಮಾತಾಡಿ, ಎದ್ದು ಹೋದರು. ಗಂಡು ಚೆನ್ನಿಗ ಮಾತ್ರ ಬಾಸಿಂಗ ಬಿಚ್ಚದೆ ಜಗಲಿಯಲ್ಲೇ ಕೂತ. ಊಟಕ್ಕೆ ಕರೆದರೆ, “ಅವಳು ಬರಲಿ,” ಅನ್ನುತ್ತಿದ್ದ.

ಅಮಾವಾಸ್ಯೆ ಬಂತು. ಸಿಂಗಾರಿಗೆ ಆ ಬಾಸಿಂಗದ ಮುಖ ನೋಡಿ ನೋಡಿ ಸಾಕಾಗಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟಳು.

ಊರಬಾಗಿಲಲ್ಲಿ ಕಾವಲುಗಾರ ಜಟಿಂಗಜ್ಜ. ಪಕ್ಕದಲ್ಲಿ ಹೂವಿನ ಸಾಕವ್ವ.

“ಕಿವಿಬೆಟ್ಟಕ್ಕೆ ದಾರಿ ಯಾವುದಜ್ಜಾ?”

“ಸೀದಾ ಹೋಗಿ ಬಲಕ್ಕೆ.”

“ಎಲ್ಲಿಯ ಬಲ! ಎಡಕ್ಕೆ ಕಣೇ. ಇವನಿಗೆ ಉಣ್ಣುವ ಕೈ ಯಾವುದು ಅಂತ ನೆನಪಿದ್ದರೆ ಹೆಚ್ಚು,” ಅಂದಳು ಸಾಕವ್ವ.

“ನೀನು ಯಾವಾಗ ಹೋಗಿದ್ದೆ ಮಹಾತಾಯಿ?”

“ನಮ್ಮತ್ತೆ ಹೋಗಿದ್ದರು.”

ಅಷ್ಟರಲ್ಲಿ ಉತ್ತರಕ್ಕಿದ್ದ ಕಿವಿಬೆಟ್ಟ ಎದ್ದು, ಮೈ ಕೊಡವಿ, ದಕ್ಷಿಣಕ್ಕೆ ಹೋಗಿ ಕೂತಿತು. ಜಟಿಂಗಜ್ಜ ಕಣ್ಣುಜ್ಜಿಕೊಂಡ. “ಮೋಡ,” ಅಂದ.

ಸಿಂಗಾರಿ ನಡೆದಳು. ತೂಗುಗಲ್ಲು ಸಿಕ್ಕಿತು. ಅದರ ನೆರಳಲ್ಲಿದ್ದ ಮುಳ್ಳುಹಂದಿಯೊಂದು, “ತಂಗೀ, ನನ್ನ ಬಿಲ ಯಾವ ಕಡೆ?” ಅಂತ ಕೇಳಿತು. ಪಾಪ, ಮುಖ ನೋಡಿದರೆ ಇಲ್ಲ ಅನ್ನಲು ಮನಸ್ಸು ಬರುವಂತಿರಲಿಲ್ಲ. “ಆ ಹುಣಸೆಮರ ದಾಟಿ ಕೆಳಕ್ಕೆ,” ಅಂತ ಸಿಂಗಾರಿ ಕೈ ತೋರಿಸಿದಳು. ತೂಗುಗಲ್ಲು ಕುಪ್ಪಳಿಸಿಕೊಂಡು ಹೋಯಿತು. ಕಾಲುದಾರಿ ಹಾವಿನಂತೆ ಸುತ್ತಿಕೊಂಡಿತು. ಸಿಂಗಾರಿ ಮುಂದಕ್ಕೇ ನಡೆದಳು, ಮುಂದಕ್ಕೇ ನಡೆದು ಊರಬಾಗಿಲಿಗೆ ಬಂದು ನಿಂತಳು.

“ಇಷ್ಟು ಬೇಗ ನೋಡಿ ಬಂದೆಯಾ? ಚೆನ್ನಾಗಿದೆಯಾ ಬೆಟ್ಟ?” ಅಂದ ಜಟಿಂಗಜ್ಜ.

ಮತ್ತೆ ಹೊರಟಳು. ಈ ಸಲ ಅಬ್ಬಿ ಸಿಕ್ಕಿತು. ನೀರುನಾಯಿಯೊಂದು ತಲೆ ಎತ್ತಿ, “ಅಕ್ಕಾ, ನನ್ನ ಮಡು ಯಾವ ಕಡೆ?” ಅಂತ ಕೇಳಿತು. ಸಿಂಗಾರಿ ಬಾಯಿ ಬಿಗಿದುಕೊಂಡಳು, ಕೈ ಕಟ್ಟಿಕೊಂಡಳು. ಆದರೆ ಗದ್ದ ಇದೆಯಲ್ಲ, ಅದು ತಾನಾಗಿಯೇ ಎದ್ದು ಪಡುವಲಿಗೆ ತಿರುಗಿತು. ಜೋಡಿಜಡೆ ಅಬ್ಬಿ ಜಡೆ ಬೀಸಿಕೊಂಡು ಹೊರಟೇಬಿಟ್ಟಿತು. ನೀರು ಅವಳನ್ನು ಎತ್ತಿಕೊಂಡು ಬಂದು ಊರಬಾಗಿಲಲ್ಲಿ ಒಗೆಯಿತು.

“ಆ ಕಡೆ ಮಳೆಯೇನೇ?” ಅಂದಳು ಸಾಕವ್ವ.

ಸಿಂಗಾರಿಗೆ ತಲೆ ಗಿರ್ರೆಂದಿತು. ಬೆಟ್ಟ ಎಲ್ಲಿತ್ತು, ಎಲ್ಲಿದೆ, ತಾನು ಹೋಗಿದ್ದು ಯಾವ ಕಡೆ, ಬಂದದ್ದು ಯಾವ ಕಡೆ, ಒಂದೂ ತಿಳಿಯಲಿಲ್ಲ. ತಿಳಿದದ್ದು ಒಂದೇ: ಗದ್ದ ಎತ್ತಿದಾಗ ಅಬ್ಬಿ ಎದ್ದಿತ್ತು. ಅಕ್ಕನಿಗೂ ಎತ್ತಿದ್ದು ಇದೇ ಗದ್ದವನ್ನು. ಅವಳು ಸೆರಗಿನಿಂದ ಗದ್ದ, ತಲೆ ಸೇರಿಸಿ ಬಿಗಿಯಾಗಿ ಕಟ್ಟಿಕೊಂಡಳು.

“ಹಲ್ಲುನೋವಾ?” ಅಂದ ಜಟಿಂಗಜ್ಜ. ಅವಳು ನಡೆದೇಬಿಟ್ಟಳು. ಯಾರನ್ನೂ ದಾರಿ ಕೇಳಲಿಲ್ಲ.

ಈ ಸಲ ಬಿದಿರುಮೆಳೆಯ ಹತ್ತಿರ ಒಂದು ಕರಡಿ ಅಡ್ಡ ನಿಂತಿತು. “ತಾಯೀ, ನನ್ನ ಜೇನುಮರ ಯಾವ ಕಡೆ?”

ಅಪ್ಪ ಹೇಳಿರದ ಮಾತು, ಅಮ್ಮ ಕಲಿಸಿರದ ಮಾತು, ಸಿಂಗಾರಿಯ ಗಂಟಲಲ್ಲಿ ನೆಲ್ಲಿಕಾಯಿಯ ಹಾಗೆ ಸಿಕ್ಕಿಕೊಂಡಿತು. “ಗೊ... ಗೊತ್ತಿಲ್ಲ,” ಅಂದಳು.

ಏನೂ ಅಲುಗಲಿಲ್ಲ. ಕಲ್ಲು ಕಲ್ಲಿದ್ದಲ್ಲಿ, ಮರ ಮರವಿದ್ದಲ್ಲಿ. ಕರಡಿ ಬಾಯಿ ತೆರೆದು ನಿಂತಿತು.

“ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತಾ? ಕೇಳಿದವರೆಲ್ಲ ತೋರಿಸಿದವರೇ. ತಿರುಗಿ ತಿರುಗಿ ನನ್ನ ಪಾದ ಸವೆದವು. ನೀನೇನು ಹುಡುಕುತ್ತಿದ್ದೀಯ?”

“ನಮ್ಮಕ್ಕನನ್ನು. ಮದುಮಗಳು.”

“ಅರಿಸಿನದ ವಾಸನೆ ಇರಬೇಕಲ್ಲ. ಬಾ, ಗೊತ್ತಿಲ್ಲದವರಿಬ್ಬರೂ ಸೇರಿ ಹುಡುಕೋಣ.”

ಕರಡಿ ಮೂಸುತ್ತ ಮುಂದೆ, ಸಿಂಗಾರಿ ಹಿಂದೆ. ಹೊತ್ತು ಇಳಿಯುವಷ್ಟರಲ್ಲಿ ಕಿವಿಬೆಟ್ಟದ ನೆತ್ತಿ ಸೇರಿದರು. ಅಲ್ಲಿ ನೋಡಿದರೆ ಬಂಡೆಗಳ ರಾಶಿ, ಅರಿಸಿನದ ವಾಸನೆ ಬರುತ್ತಿದ್ದದ್ದು ಅದರೊಳಗಿಂದಲೇ. ನಡುವೆ ಸುಳಿಗೊಗ್ಗ, ಕಚ್ಚೆ ಎತ್ತಿಕಟ್ಟಿ ಗಾರೆ ತುಳಿಯುತ್ತಿದ್ದ. ಕರಡಿಗೆ ಸುಣ್ಣದ ಘಾಟು ಹೊಡೆದು ಮೂಗು ಕಟ್ಟಿತು. ಬಂಡೆಗಳೆಲ್ಲ ಒಂದೇ ಥರ. ಅಕ್ಕ ಯಾವುದು?

“ದಣಿದಿದ್ದೀಯ, ಕೂತುಕೋ ಮಗಳೇ,” ಅಂದ ಗೊಗ್ಗ ಬೆಣ್ಣೆಯಂಥ ದನಿಯಲ್ಲಿ. “ಸೂರ್ಯ ಮುಳುಗಲಿ, ಇವರನ್ನೆಲ್ಲ ಗೋಡೆಗೆ ಮೆತ್ತುತ್ತೇನೆ. ಇನ್ನೊಂದು ಬಂಡೆಗೂ ಜಾಗ ಇದೆ.”

ಸಿಂಗಾರಿ ಕೂರಲಿಲ್ಲ.

“ಗೊಗ್ಗಣ್ಣಾ, ನೀನೂ ಮೂಡಬಾಗಿಲದವನೇ ಅಲ್ಲವಾ? ನಿನ್ನ ಊರಿನ ಹುಡುಗಿ ದಾರಿ ಕೇಳುತ್ತಿದ್ದೇನೆ. ನಮ್ಮಕ್ಕನ ಹತ್ತಿರ ಹೋಗಲು ಯಾವ ಕಡೆ?”

ಗೊಗ್ಗ ತಬ್ಬಿಬ್ಬಾದ. ಯಾವ ಬಂಡೆ ಯಾರು ಅಂತ ಅವನೆಲ್ಲಿ ನೋಡಿಟ್ಟಿದ್ದ? ಗೊತ್ತಿಲ್ಲ ಅಂದಿದ್ದರೆ ಗೆದ್ದುಬಿಡುತ್ತಿದ್ದ. ಆದರೆ ಎಷ್ಟೇ ದುಷ್ಟನಾದರೂ ಊರಿನ ಮರ್ಯಾದೆ ಬಿಡಲು ಆಗಲಿಲ್ಲ. “ಇಗೋ, ಎಡಕ್ಕೆ, ಆ ಮೂಲೆಯದು,” ಅಂತ ಕೈ ತೋರಿಸಿದ.

ಕಿವಿಬೆಟ್ಟ ಎದ್ದು ಎಡಕ್ಕೆ ತಿರುಗಿತು. ಸಿಂಗಾರಿ ಬೆಟ್ಟದ ಒಂದು ಕಿವಿ ತಬ್ಬಿಕೊಂಡಳು, ಕರಡಿ ಇನ್ನೊಂದನ್ನು. “ಅಲ್ಲ, ಬಲಕ್ಕೆ!” ಅಂದ ಗೊಗ್ಗ. ಬೆಟ್ಟ ಬಲಕ್ಕೆ ತಿರುಗಿತು. “ಅಲ್ಲ, ಈಚೆ! ಅಲ್ಲಲ್ಲ, ಆಚೆ!” ಬೆಟ್ಟ ಬುಗುರಿಯಂತೆ ಸುತ್ತಿತು, ಬೆಟ್ಟದ ಮೇಲೆ ಗೊಗ್ಗ ಸುತ್ತಿದ. ಉತ್ತರ ದಕ್ಷಿಣವೆಲ್ಲ ಮರೆತು, ತಲೆ ಹಿಡಿದುಕೊಂಡು, ಸುಸ್ತಾಗಿ ಕೂತ.

ಕೂತ. ಅಷ್ಟೇ. ಬಂಡೆಯಾದ.

ಮಾಡಿದವನು ಕಲ್ಲಾದ ಮೇಲೆ ಮಂತ್ರಕ್ಕೆ ಉಸಿರೆಲ್ಲಿ? ರಾಶಿಯಲ್ಲಿದ್ದ ಬಂಡೆಗಳು ಮೈ ಮುರಿದು ಎದ್ದವು. ಸೌದೆಗೆ ಹೋದವರು, ಅಬ್ಬಿ ನೋಡಲು ಬುತ್ತಿ ಕಟ್ಟಿಕೊಂಡು ಹೋದವರು, ಎಲ್ಲರೂ. ಒಂದು ಬಂಡೆಯ ಸೊಂಟದಲ್ಲಿ ಬಿಂದಿಗೆ ಇತ್ತು.

“ಎಡಕ್ಕೆ ತಿರುಗು ಅಂದೆಯಲ್ಲೇ ಕತ್ತೇ!” ಅಂತು ಆ ಬಂಡೆ, ಇನ್ನೂ ಪೂರ್ತಿ ಅಕ್ಕನಾಗುವ ಮೊದಲೇ.

“ನನಗೆ ಗೊತ್ತಿರಲಿಲ್ಲ ಅಕ್ಕ,” ಅಂದಳು ಸಿಂಗಾರಿ, ಅಳುತ್ತ.

ಬಂಗಾರಕ್ಕ ತಂಗಿಯ ಮುಖಕ್ಕೆ ಕಟ್ಟಿದ ಸೆರಗು ಬಿಚ್ಚಿ, ಅದರಲ್ಲೇ ಅವಳ ಕಣ್ಣೊರೆಸಿದಳು. “ಹೋಗಲಿ. ಚಿಲುಮೆ ಎಲ್ಲಿ ಈಗ?”

“ಗೊತ್ತಿಲ್ಲ. ಹುಡುಕೋಣ.”

ಹುಡುಕಿದರು, ಸಿಕ್ಕಿತು. ಕರಡಿ ರಾಜಕುಮಾರನೇನೂ ಆಗಲಿಲ್ಲ. ಅದಕ್ಕೆ ಬೇಕಾಗಿದ್ದ ಜೇನುಮರ ಚಿಲುಮೆಯ ಪಕ್ಕದಲ್ಲೇ ಇತ್ತು, ಅಷ್ಟು ಸಾಕಾಯಿತು. ತೂಗುಗಲ್ಲು, ಅಬ್ಬಿ, ಬೆಟ್ಟ ತಮ್ಮ ತಮ್ಮ ಜಾಗಕ್ಕೆ ಮರಳಿದವು. ಚೆನ್ನಿಗನ ಬಾಸಿಂಗದ ಬಣ್ಣ ಮಾಸಿತ್ತು, ಆದರೂ ಅದರಲ್ಲೇ ಮದುವೆ ಆಯಿತು.

ಅಂದಿನಿಂದ ಮೂಡಬಾಗಿಲದಲ್ಲಿ ದಾರಿ ಕೇಳಿದರೆ, “ಗೊತ್ತಿಲ್ಲ, ತಡೀರಿ,” ಅಂತ ಚಪ್ಪಲಿ ಮೆಟ್ಟಿಕೊಂಡು ಜೊತೆಗೇ ಹೊರಡುತ್ತಿದ್ದರು. ಅರ್ಧ ದಿನ ಅಂಗಡಿಗಳೆಲ್ಲ ಮುಚ್ಚಿರುತ್ತಿದ್ದವು. ಆದರೂ ಎಲ್ಲರೂ ಸುಖವಾಗಿದ್ದರು.

ಈಗಲೂ ಹಾಗೇ ಇದ್ದಾರಾ ಅಂತ ಕೇಳಿದರೆ, ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಳ್ಳಿ, ನೋಡಿಕೊಂಡು ಬರೋಣ.