ಬರದ ನಗಾರಿ ಕಾಯುವ ದ್ಯಾವಕ್ಕ

ಬಹಳ ಹಿಂದೆ, ಮುಗಿಲು ಇನ್ನೂ ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ಏಳು ಗುಡ್ಡಗಳಾಚೆ ಸೋನೆನಾಡೆಂಬ ರಾಜ್ಯವಿತ್ತು. ಅಲ್ಲಿನ ಹಳೆಯ ಅರಸರು ಸುಗ್ಗಿಯಲ್ಲೇ ಬರವನ್ನು ನೆನೆದವರು. ಬೆಳೆದ ರಾಗಿಯಲ್ಲಿ ಒಂದು ಪಾಲನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮುಚ್ಚಿದರು. ದನಕರುಗಳಿಗೆ ಹುಲ್ಲುಗಾವಲು ಬೆಳೆಸಿ ಬೇಲಿ ಕಟ್ಟಿದರು. ಸಿಹಿನೀರಿನ ಬಾವಿ ತೋಡಿ ಮೇಲೆ ಚಪ್ಪಡಿ ಎಳೆದರು. ಒಂಟಿಗುಡ್ಡದ ಮೇಲೊಂದು ನಗಾರಿ ಇಟ್ಟರು. ಸಾಲಾಗಿ ಮೂರು ಮಳೆ ಕೈಕೊಟ್ಟರೆ ಅದನ್ನು ಬಾರಿಸಬೇಕು. ಬಾರಿಸಿದರೆ ಎಲ್ಲವೂ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು.

ಆ ನಗಾರಿ ಕಾಯುತ್ತಿದ್ದವಳು ದ್ಯಾವಕ್ಕ. ಜನರ ನಂಬಿಕೆ ನೋಡಿ, ಬರದ ಹೆಸರೆತ್ತಿದರೆ ಬರ ಬರುತ್ತದಂತೆ. ಹಾಗಾಗಿ ಹೆಸರೆತ್ತುವವಳ ನೆರಳೂ ಬೇಡ. ಅವಳ ಪಾಲಿನ ರಾಗಿಯನ್ನು ಗುಡ್ಡದ ಬುಡದ ಬಂಡೆ ಮೇಲಿಟ್ಟು, ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಕಷ್ಟಕ್ಕೆ ಬೇಕು, ಪಂಕ್ತಿಗೆ ಬೇಡ! ದ್ಯಾವಕ್ಕ ನಗಾರಿಯ ಜೊತೆಗೇ ಮಾತಾಡುತ್ತಿದ್ದಳು. ಅದು ಉತ್ತರ ಕೊಡುತ್ತಿರಲಿಲ್ಲ. ಅವಳಿಗೆ ಬೇಸರವೆಂದರೆ ಬೇಸರ.

ಒಂದು ವರ್ಷ ರೋಹಿಣಿ ಮಳೆ ಬರಲಿಲ್ಲ. ಮೃಗಶಿರವೂ ಬರಲಿಲ್ಲ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುತ್ತಾರಲ್ಲ, ಆ ಆರಿದ್ರಾ ಮಳೆಯೂ ಹನಿ ಉದುರಿಸದೆ ಹೋಯಿತು. ದ್ಯಾವಕ್ಕ ನಗಾರಿಯ ಕೋಲು ಎತ್ತಿಕೊಂಡಳು.

ಆಗ ಗುಡ್ಡ ಹತ್ತಿ ಬಂದ, ಅರಮನೆಯ ಮಂತ್ರವಾದಿ ಮಿರುಗಯ್ಯ. ಅವನು ಕೆರೆಕಟ್ಟೆಗಳ ತುಂಬ ಮಾಯೆಯ ನೀರು ಹರಡಿದ್ದ. ಅರಸ ಮುಗಿಲರಾಯ ಕಿಟಕಿಯಿಂದ ಅದನ್ನು ನೋಡಿ, "ನಮ್ಮ ನಾಡಿನಲ್ಲಿ ಬರವಿಲ್ಲ" ಅನ್ನುತ್ತಿದ್ದ. ಅರಸ ಹಾಗಂದಾಗೆಲ್ಲ ಮುದುಕ ಮಿರುಗಯ್ಯನ ವಯಸ್ಸು ಒಂದು ವರ್ಷ ಇಳಿಯುತ್ತಿತ್ತು. ಈಗಾಗಲೇ ಮೀಸೆ ಕಪ್ಪಾಗಿತ್ತು.

"ಏನವಸರ ದ್ಯಾವಕ್ಕ? ಪುನರ್ವಸು ಮಳೆ ಇದೆಯಲ್ಲ. ಬಾ, ನಮ್ಮ ಮನೇಲಿ ಊಟ ಮಾಡು" ಅಂದ. ಅವಳ ಹಣೆಗೆ ಕಪ್ಪು ಬೊಟ್ಟಿಟ್ಟ. ಆ ಬೊಟ್ಟು ಇರುವವರೆಗೆ ಅವಳು ಯಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ಹತ್ತು ಜನರ ನಡುವೆ ಕೂತು ಉಂಡಳು. ಪುನರ್ವಸು ಒಣಗಿಕೊಂಡೇ ಕಳೆಯಿತು.

ಮತ್ತೆ ಕೋಲು ಎತ್ತಿದಳು. ಮಿರುಗಯ್ಯ ಮತ್ತೆ ಬಂದ. "ಪುಷ್ಯ ಮಳೆ ನೋಡಿಬಿಡು. ಇವತ್ತು ಊರಲ್ಲಿ ಮದುವೆ, ಬಾ." ಮದುವೆಯಲ್ಲಿ ಹೆಂಗಸರು ಅವಳಿಗೆ ಹೂ ಮುಡಿಸಿದರು, ಸೋಬಾನೆ ಹೇಳಿಸಿದರು. ಪುಷ್ಯವೂ ಹೋಯಿತು.

ಮೂರನೆಯ ಸಲ ಬಂದವನು ಊರ ಬೀದಿಯಲ್ಲಿ ಒಂದು ಮನೆಯನ್ನೇ ಕೊಟ್ಟ. "ನಾಡು ನಿನ್ನೊಬ್ಬಳ ತಲೆ ಮೇಲಿದೆಯೇನು? ನಾಲ್ಕು ಜನರ ಹಾಗೆ ಇರು" ಅಂದ. ತಪ್ಪೆಂದು ತಿಳಿದೂ ತಿಳಿದೂ ದ್ಯಾವಕ್ಕ ಹೂಂ ಅಂದಳು. ಮನುಷ್ಯರ ಒಡನಾಟದ ಹಸಿವಾಗಿತ್ತು ಅವಳಿಗೆ.

ಪಕ್ಕದ ಮನೆಯ ಸಾಕವ್ವ ದಿನಾ ಸಂಜೆ ಬಟ್ಟಲು ಹಿಡಿದು ಬರುತ್ತಿದ್ದಳು. "ಅಕ್ಕ, ಚೂರು ಹೆಪ್ಪಿಗೆ ಮಜ್ಜಿಗೆ ಕೊಡು" ಅಂತ ಕೇಳಿ, ಹೊಸ್ತಿಲ ಮೇಲೆ ಕೂತು ಊರ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದಳು. ಆ ಸಂಜೆಗಾಗಿಯೇ ದ್ಯಾವಕ್ಕ ಬೆಳಗಿನಿಂದ ಕಾಯುತ್ತಿದ್ದಳು.

ಒಂದು ಸಂಜೆ ಸಾಕವ್ವ ಬರಲಿಲ್ಲ. ಮರುದಿನವೂ ಇಲ್ಲ. ದ್ಯಾವಕ್ಕನೇ ಬಟ್ಟಲು ತುಂಬಿಕೊಂಡು ಹೋದಳು.

"ಹಾಲೇ ಇಲ್ಲದ ಮೇಲೆ ಹೆಪ್ಪು ಯಾಕಕ್ಕ?" ಅಂದಳು ಸಾಕವ್ವ. ಕೊಟ್ಟಿಗೆಯಲ್ಲಿ ಹಸು ಮಲಗಿತ್ತು, ಏಳುವ ತ್ರಾಣವಿರಲಿಲ್ಲ. "ಕೆರೆಯಲ್ಲಿ ಅಷ್ಟು ನೀರಿದೆ. ಕುಡಿದಷ್ಟೂ ಬಾಯಾರುತ್ತೆ. ನಮ್ಮ ಪಾಪ ಇರಬೇಕು ಬಿಡು."

"ನಿಮ್ಮ ಪಾಪ ಅಲ್ಲ ಕಣೆ" ಅಂದು ದ್ಯಾವಕ್ಕ ಬಟ್ಟಲು ಕೆಳಗಿಟ್ಟು ಹೊರಟಳು.

ಗುಡ್ಡದ ಬುಡದಲ್ಲಿ ಮಿರುಗಯ್ಯ ಅಡ್ಡ ನಿಂತಿದ್ದ. "ಬಾರಿಸಿದರೆ ಬೊಟ್ಟು ಉದುರುತ್ತೆ. ಸಾಕವ್ವನೂ ಮುಖ ತಿರುಗಿಸಿ ಹೋಗ್ತಾಳೆ. ಯೋಚನೆ ಮಾಡು."

"ಮಾಡಿದ್ದೀನಿ. ದಾರಿ ಬಿಡು."

ಅಳುತ್ತಲೇ ಹತ್ತಿದಳು, ಅಳುತ್ತಲೇ ಬಾರಿಸಿದಳು. ಮೊದಲ ಪೆಟ್ಟಿಗೆ ಹಗೇವುಗಳ ಬಾಯಿ ತೆರೆಯಿತು. ಎರಡನೆಯ ಪೆಟ್ಟಿಗೆ ಹುಲ್ಲುಗಾವಲಿನ ಬೇಲಿ ಬಿದ್ದು ದನಕರುಗಳು ಒಳನುಗ್ಗಿದವು. ಮೂರನೆಯ ಪೆಟ್ಟಿಗೆ ಬಾವಿಗಳ ಚಪ್ಪಡಿ ಸರಿದವು, ಕೆರೆಗಳ ಮಾಯೆಯ ನೀರು ಆರಿ ಬಿರಿದ ನೆಲ ಕಂಡಿತು. ಅರಮನೆಯ ಕಿಟಕಿಯಲ್ಲಿ ಮುಗಿಲರಾಯ ಕಣ್ಣುಜ್ಜಿಕೊಂಡು, "ನಮ್ಮ ನಾಡಿಗೆ ಬರ ಬಂದಿದೆ" ಅಂದ. ಅಂದದ್ದೇ ತಡ, ಇಳಿದ ವಯಸ್ಸೆಲ್ಲ ಒಂದಕ್ಕೆ ಹತ್ತಾಗಿ ಮಿರುಗಯ್ಯನ ಮೇಲೆ ಬಿತ್ತು. ನಿಂತಲ್ಲೇ ಹಿಡಿ ಬೂದಿಯಾದ.

ಊರೂರಲ್ಲಿ ಗಂಜಿಯ ಒಲೆ ಹೊತ್ತಿದವು. ಸಾಕವ್ವನ ಹಸು ಎದ್ದು ನಿಂತಿತು. ಜನ ಬದುಕಿಕೊಂಡರು. ಆದರೆ ಗುಡ್ಡದ ಕಡೆ ಯಾರೂ ತಲೆ ಎತ್ತಲಿಲ್ಲ, ಸಾಕವ್ವನೂ ಎತ್ತಲಿಲ್ಲ.

ಕಡೆಗೆ ಅರಸನೇ ಏದುಸಿರು ಬಿಡುತ್ತ ಹತ್ತಿ ಬಂದ. "ತಾಯಿ, ತಪ್ಪು ನನ್ನದು. ಏನು ಬೇಕೋ ಕೇಳು, ಕೊಡ್ತೀನಿ."

"ತಪ್ಪು ನನ್ನದೂ ಇದೆ ಬುದ್ಧಿ" ಅಂದಳು ದ್ಯಾವಕ್ಕ. "ಒಂದು ಗಳಿಗೆ ಕೂತ್ಕೊಳ್ಳಿ."

ಅರಸ ಕೂತ. ಹೊತ್ತು ಇಳಿಯುವವರೆಗೆ ಇಬ್ಬರೂ ಬರಿಯ ಮುಗಿಲನ್ನು ನೋಡುತ್ತ ಕೂತಿದ್ದರು.

ಮುಂದಿನ ವರ್ಷ ಮಳೆ ಬಂತು, ನಾಡು ಉಂಡು ತಣ್ಣಗಿತ್ತು. ರೋಹಿಣಿ ಹುಟ್ಟಿದ ದಿನ ಸೋನೆನಾಡಿನ ಅರಸರು ಗುಡ್ಡ ಹತ್ತಿ, ನಗಾರಿ ಕಾಯುವವಳ ಪಕ್ಕ ಕೂತು ಮುಗಿಲು ನೋಡಬೇಕೆಂಬುದು ಅಂದಿನಿಂದ ಕಟ್ಟಳೆಯಾಯಿತು. ದ್ಯಾವಕ್ಕ ವರ್ಷವಿಡೀ ಆ ದಿನಕ್ಕೆ ಕಾಯುತ್ತಿದ್ದಳು, ಹಿಂದಿನ ದಿನವೇ ಎರಡು ಮಣೆ ತೊಳೆದಿಡುತ್ತಿದ್ದಳು.