ಮೂಗಿಗೆ ಪಾಠ

“ಅಮ್ಮಾ, ಸೀದು ಹೋಗ್ತಿದೆ!”

ಸ್ಕೂಲ್ ಬ್ಯಾಗನ್ನು ಬಾಗಿಲಲ್ಲೇ ಎಸೆದು ಸುಂದುಸ್ ಅಂಗಳಕ್ಕೆ ಓಡಿದಳು. ಹೂವಿನ ನೀರು ಇಳಿಸುವ ತಾಮ್ರದ ಭಟ್ಟಿ ತಳ ಹಿಡಿದಿತ್ತು. ನಾತ ಬೀದಿಯವರೆಗೂ ಬಂದಿತ್ತು. ಭಟ್ಟಿಯ ಪಕ್ಕದಲ್ಲೇ ಕೂತು ಅಮ್ಮ ಬಾಟಲಿ ಒರೆಸುತ್ತಿದ್ದಳು.

“ಅಯ್ಯೋ! ನಂಗೇನೂ ಗೊತ್ತಾಗ್ಲೇ ಇಲ್ವಲ್ಲೇ!”

ಬೆಳಗ್ಗೆಯಿಂದ ಬಿಡಿಸಿದ್ದ ಕಿತ್ತಳೆ ಹೂವೆಲ್ಲ ಕಪ್ಪಗಾಗಿತ್ತು.

ಪಕ್ಕದ ಮನೆಯ ಸಲ್ಹಾ ಅತ್ತೆ ಗೋಡೆಯ ಮೇಲಿಂದ ಇಣುಕಿದಳು. “ಏನೇ ಮುನೀರಾ, ಮೂಗನ್ನ ಸಂತೇಲಿ ಮಾರ್ಕೊಂಡು ಬಂದ್ಯಾ?”

ಅಮ್ಮನೂ ನಕ್ಕಳು. ಆಮೇಲೆ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೋದ ವರ್ಷದವರೆಗೆ ನಾಬೆಲ್ ಊರಿನ ಹೆಂಗಸರೆಲ್ಲ ತಮ್ಮ ಹೂವಿನ ನೀರನ್ನು ಅಮ್ಮನ ಹತ್ತಿರ ತರುತ್ತಿದ್ದರು. ಅವಳು ಒಮ್ಮೆ ಮೂಸಿ “ಇದು ನಿನ್ನೆಯ ಹೂವು” ಅಂದರೆ ಮುಗಿಯಿತು, ಯಾರೂ ಎದುರಾಡುತ್ತಿರಲಿಲ್ಲ. ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟಿತು. ವಾಸನೆ ಮಾತ್ರ ವಾಪಸ್ ಬರಲಿಲ್ಲ.

“ಮೂಗಿನಿಂದ ಮಿದುಳಿಗೆ ಸುದ್ದಿ ಸರಿಯಾಗಿ ಹೋಗ್ತಿಲ್ಲ,” ಎಂದಿದ್ದರು ಡಾಕ್ಟರ್. “ಕೆಲವರಿಗೆ ವಾಪಸ್ ಬರುತ್ತೆ. ಕೆಲವರಿಗೆ ಬರಲ್ಲ.”

“ಯಾಕೆ ಬರಲ್ಲ?” ಸುಂದುಸ್ ಕೇಳಿದ್ದಳು.

“ಅದು ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ ಪುಟ್ಟಿ. ಹುಡುಕ್ತಾ ಇದ್ದಾರೆ.”

ಗೊತ್ತಿಲ್ಲ ಅನ್ನೋಕೆ ಡಾಕ್ಟರ್ ಯಾಕೆ ಬೇಕು ಎಂದು ಅವಳಿಗೆ ಸಿಟ್ಟು ಬಂದಿತ್ತು. ಆದರೂ ಅವರು ಹೇಳಿಕೊಟ್ಟ ಮೂಸುವ ಅಭ್ಯಾಸವನ್ನು ಅಮ್ಮನಿಗೆ ಮಾಡಿಸುವುದನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಲವಂಗ, ನಿಂಬೆ, ಕಾಫಿ, ಹೂವಿನ ನೀರು. ದಿನಕ್ಕೆ ಎರಡು ಸಲ.

ಇವತ್ತೂ ಸಂಜೆ ಅಮ್ಮ ಕಣ್ಣು ಮುಚ್ಚಿ ಕೂತಳು.

“ಲವಂಗ?”

“ಇಲ್ಲ.”

“ನಿಂಬೆ? ಚೆನ್ನಾಗಿ ಎಳ್ಕೋ ಅಮ್ಮ.”

“ಇಲ್ಲ ಕಣೇ.”

ಕಾಫಿಯೂ ಇಲ್ಲ. ಸುಂದುಸ್ ತಡೆದರೂ ಒಂದು ಬಿಕ್ಕು ಹೊರಗೆ ಬಂದೇಬಿಟ್ಟಿತು. ಕೈಗೆ ಸಿಕ್ಕ ಬಾಟಲಿಯ ಮುಚ್ಚಳ ತೆಗೆದು ಅಮ್ಮನ ಮೂಗಿಗೆ ಹಿಡಿದಳು.

ಅಮ್ಮ ಸ್ವಲ್ಪ ತಡೆದಳು. ಆಮೇಲೆ ಅವಳ ಮುಖ ಅರಳಿತು.

“ಬಂತು ಕಣೇ! ಹೂವಿನ ವಾಸನೆ! ಸಣ್ಣಗೆ, ದೂರದಲ್ಲೆಲ್ಲೋ ಇದ್ದ ಹಾಗೆ!”

“ನಿಜವಾಗ್ಲೂ?” ಸುಂದುಸ್ ಕುಣಿದೇಬಿಟ್ಟಳು. ತಾನೂ ಮೂಸೋಣವೆಂದು ಬಾಟಲಿಯನ್ನು ಮೂಗಿನ ಹತ್ತಿರ ತಂದಳು.

ಏನೂ ಇಲ್ಲ. ಇನ್ನೊಮ್ಮೆ ಮೂಸಿದಳು. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದಳು. ಬರೀ ನಲ್ಲಿ ನೀರು. ಬಾಟಲಿ ತೊಳೆಯಲು ಅಮ್ಮ ತುಂಬಿಸಿಟ್ಟಿದ್ದ ನೀರು.

ಅಮ್ಮ ಇನ್ನೂ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು. ರೆಪ್ಪೆಯ ಅಂಚು ಒದ್ದೆಯಾಗಿತ್ತು.

ಸುಂದುಸ್ ಸದ್ದಾಗದಂತೆ ನೀರನ್ನು ಮೋರಿಗೆ ಬಗ್ಗಿಸಿ ಬಂದು ಅಮ್ಮನಿಗೆ ಒತ್ತಿಕೊಂಡು ಕೂತಳು.

“ನಾಳೆ ಇನ್ನೂ ಸ್ವಲ್ಪ ಜಾಸ್ತಿ ಬರುತ್ತೆ, ಅಲ್ವಾ ಅಮ್ಮ?” ಎಂದಳು.