ಮೈಕ್ ಮೇಲೆ ಮುಚ್ಚಿದ ಕೈ

ರವಿಕಿರಣ್ ಅಂಗಿಯ ಎರಡನೇ ಗುಂಡಿಯ ಪಕ್ಕ ದಿನಾ ಬೆಳಿಗ್ಗೆ ಪುಟ್ಟ ಮೈಕ್ ಸಿಕ್ಕಿಸುವುದು ನನ್ನ ಕೆಲಸವಾಗಿತ್ತು. ಹಾಳು ಕೆಲಸ. ಆದರೂ ಆ ದಿನಗಳಲ್ಲಿ ಸ್ಟುಡಿಯೋಗೆ ಹೂ ಮುಡಿದುಕೊಂಡು ಹೋಗುತ್ತಿದ್ದೆ.

ಅದು ತಮಿಳು ಚಾನೆಲ್ ಒಂದರ ರಿಯಾಲಿಟಿ ಷೋ. ಹುಡುಗ ಹುಡುಗಿಯರನ್ನು ಜೋಡಿ ಮಾಡಿ ಅಡುಗೆ ಮಾಡಿಸುತ್ತಾರೆ. ಜನ ನೋಡುವುದು ಅಡುಗೆಯನ್ನಲ್ಲ. ರವಿಕಿರಣ್ ಮಂಡ್ಯದವನು, ಸ್ಟುಡಿಯೋ ಇದ್ದ ಊರಲ್ಲೇ ವೇಲಚೇರಿಯ ಕಂಪನಿಯೊಂದರಲ್ಲಿದ್ದ. ಅವನ ಜೋಡಿ ಭಾವನಾ, ಬೆಂಗಳೂರಿನಿಂದ ಬಂದ ಸೀರಿಯಲ್ ನಟಿ. ಸೌಂಡ್‌ನವರಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ, ಅದೇ ಊರಿನ ಪುರಸೈವಾಕ್ಕಂನ ರೈಲ್ವೆ ಗುಮಾಸ್ತರ ಮಗಳು.

"ಇದ್ರಲ್ಲಿ ಎದೆ ಬಡಿತಾನೂ ಕೇಳುತ್ತೇನ್ರೀ?" ಎಂದು ಒಂದು ದಿನ ಕೇಳಿದ. ತುಟಿಯಲ್ಲಿ ನಗು ಇರಲಿಲ್ಲ, ಕಣ್ಣಲ್ಲಿತ್ತು.

"ಬಟ್ಟೆ ಸದ್ದು ಕೇಳುತ್ತೆ. ಅಲ್ಲಾಡದೆ ನಿಂತ್ಕೊಳ್ಳಿ."

"ನೀವು ಇಷ್ಟು ಹತ್ರ ಬಂದ್ರೆ ಹೆಂಗ್ ನಿಂತ್ಕೊಳ್ಳೋದು, ಹೇಳಿ."

ನಾನು ಬೇಕೆಂದೇ ಕ್ಲಿಪ್ ಬಿಚ್ಚಿ ಮತ್ತೆ ಹಾಕಿದೆ.

ಒಂದು ಮಧ್ಯಾಹ್ನ ಸೆಟ್ ಹಿಂದೆ, ನೀರಿನ ಕ್ಯಾನ್‌ಗಳ ಹತ್ತಿರ, ಅಂಗೈಯಿಂದ ಮೈಕ್ ಮುಚ್ಚಿಕೊಂಡು ನಿಂತ. "ಸಂಹಿತಾ, ಇಲ್ಲಿ ನಾನಾಡೋ ಮಾತೆಲ್ಲ ಇವರು ಹೇಳ್ಕೊಟ್ಟಿದ್ದು. ಇದೊಂದು ಮಾತ್ರ ನಂದು. ನೀವಿಲ್ದೆ ನಂಗಾಗಲ್ಲ ಕಣ್ರೀ." ಕೊನೆಗೆ ಗಂಟಲು ಕಟ್ಟಿತು.

ಕೈ ಮುಚ್ಚಿದರೂ ಮೈಕ್‌ಗೆ ಕೇಳುತ್ತದೆಂದು ನನಗೆ ಗೊತ್ತಿತ್ತು. ಆಫ್ ಮಾಡಲು ಕೈ ಚಾಚಿದರೆ ಅವನ ಮಾತು ನಿಂತುಬಿಡುತ್ತದಲ್ಲ ಎಂದು ಸುಮ್ಮನಿದ್ದೆ. ಭಾನುವಾರ ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡುತ್ತೇನೆಂದ.

ಭಾನುವಾರ ಅಮ್ಮ ಒಬ್ಬಟ್ಟು ಮಾಡಿದಳು. ಯಾರು ಬರುತ್ತಾರೆಂದು ನಾನಿನ್ನೂ ಹೇಳಿರಲಿಲ್ಲ. ಅವನು ಮನೆಗೆ ಬರಲಿಲ್ಲ, ಟಿವಿಯಲ್ಲಿ ಬಂದ. ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡಿದ್ದ ಭಾವನಾಳ ಮುಖ, ಅದರ ಮೇಲೆ ನನಗೆ ಹೇಳಿದ ಆ ಮಾತು, ಕೆಳಗೆ ತಮಿಳು ಅಕ್ಷರ. ನನ್ನ ಹೆಸರನ್ನಷ್ಟೇ ಕತ್ತರಿಸಿ ಎಸೆದಿದ್ದರು.

"ಪಾವಂ, ಈ ಹುಡುಗ ಆಕ್ಟಿಂಗ್ ಮಾಡ್ತಿಲ್ಲ ನೋಡೇ," ಎಂದಳು ಅಮ್ಮ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ.

ಮರುದಿನ ಮೈಯೆಲ್ಲ ಉರಿಯುತ್ತಿತ್ತು. ಡೈರೆಕ್ಟರ್ ಮಧುಸೂದನ್, ಒಳ್ಳೇ ಸೀನ್ ಸಿಕ್ಕಿತು ಎಂದು ನನಗೇ ಥ್ಯಾಂಕ್ಸ್ ಹೇಳಿದರು. ಆ ಮಾತು ಯಾರಿಗೆ ಆಡಿದ್ದೆಂದು ಇವರಿಗೆ ಹೇಳಿ ಎಂದು ರವಿಕಿರಣ್‌ಗೆ ಅಂದೆ. ಅವನು ನನ್ನನ್ನು ಪಕ್ಕಕ್ಕೆ ಕರೆದ. ಮುಂದಿನ ವಾರ ಭಾವನಾ ಜೊತೆ ನಿಶ್ಚಿತಾರ್ಥದ ಎಪಿಸೋಡಂತೆ. ಅದು ಚೆನ್ನಾಗಿ ಹೋದರೆ ಹೊಸ ಷೋಗೆ ಇವನೇ ನಿರೂಪಕನಂತೆ.

"ಅಲ್ಲೀವರೆಗೂ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಅದು ಸುಳ್ಳು ಅಂತ ನಮ್ಮಿಬ್ರಿಗೂ ಗೊತ್ತಲ್ಲ."

ನಂಬಿದೆ. ಅಷ್ಟು ಪೆದ್ದಿ ನಾನು.

ನಿಶ್ಚಿತಾರ್ಥದ ದಿನ ರೇಷ್ಮೆ ಅಂಗಿಗೆ ಮೈಕ್ ಸಿಕ್ಕಿಸಿದವಳೂ ನಾನೇ. ಅದೇ ಮಾತನ್ನು ಭಾವನಾಗೆ ಎದುರೆದುರೇ ಹೇಳಬೇಕಿತ್ತು. ಹೆಡ್‌ಫೋನ್ ಹಾಕಿಕೊಂಡು ಕೂತೆ. ಕ್ಯಾಮೆರಾ ಶುರುವಾಗುವ ಮುಂಚೆ ಅವನು ಮಧುಸೂದನ್‌ರನ್ನು ಕೇಳಿದ್ದು ನನ್ನ ಕಿವಿಗೇ ಬಿತ್ತು.

"ಮೈಕ್ ಮೇಲೆ ಹೀಗೆ ಕೈ ಮುಚ್ಕೊಳ್ಳಲಾ ಸರ್? ನಿಜ ಅನ್ಸುತ್ತೆ."

ಅವರಿಗೆ ಖುಷಿಯೋ ಖುಷಿ. ಅವನು ಕೈ ಮುಚ್ಚಿದ. "ಭಾವನಾ, ಇದೊಂದು ಮಾತ್ರ ನಂದು. ನೀವಿಲ್ದೆ ನಂಗಾಗಲ್ಲ ಕಣ್ರೀ." ಗಂಟಲು ಅದೇ ಜಾಗದಲ್ಲಿ ಕಟ್ಟಿತು.

ಸೌಂಡ್ ಹೇಗಿದೆ ಎಂದರು ಮಧುಸೂದನ್. ಬಟ್ಟೆಯ ಸದ್ದು ಬಂದಿತ್ತು, ಇನ್ನೊಂದು ಟೇಕ್ ಬೇಕಿತ್ತು. ಇನ್ನೊಮ್ಮೆ ಕೇಳಲು ನನ್ನಿಂದಾಗುತ್ತಿರಲಿಲ್ಲ. ಚೆನ್ನಾಗಿದೆ ಎಂದೆ.

ಪ್ಯಾಕಪ್ ಆದಮೇಲೆ ಅವನು ನೀರಿನ ಕ್ಯಾನ್‌ಗಳ ಹತ್ತಿರ ಬಂದು ನಿಂತ. ಕೈ ತಾನಾಗಿಯೇ ಮೈಕ್ ಮೇಲೆ ಹೋಯಿತು. "ಸಂಹಿತಾ, ನಿಮಗೆ ಹೇಳಿದ್ದು..."

"ಕೈ ತೆಗೀರಿ. ಮೈಕ್ ಬಿಚ್ಕೋಬೇಕು."

ತೆಗೆದ. ಕಣ್ಣಲ್ಲಿ ನೀರಿತ್ತು. ನಿಜದ್ದೇ ಇರಬಹುದು. ಇನ್ನು ಜನ್ಮವಿಡೀ ಅದನ್ನು ನೋಡುತ್ತ, ನಿಜವಿರಬಹುದು ಅಂದುಕೊಳ್ಳುತ್ತ ಕೂರಬೇಕಲ್ಲ ಎನ್ನಿಸಿ ಭಯವಾಯಿತು. ಕ್ಲಿಪ್ ಬಿಚ್ಚಿಕೊಂಡು, ಮೈಕ್ ಆಫ್ ಮಾಡಿ, ಮನೆಗೆ ಹೊರಟೆ.